ಅಪ್ಪ "ಇನ್ನು ನಂದು ಮುಗೀತು" ಅಂತಿದ್ದಾರೆ. ವಯಸ್ಸಿನ ಮಾತೋ, ಬೇರೇನೋ?

ಕೊಪ್ಪದ_ಹುಡುಗ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾನು ಬೆಂಗಳೂರಲ್ಲಿ ಕೆಲಸ ಮಾಡೋದು. ಊರು ಕೊಪ್ಪದ ಹತ್ರ, ಎರಡೆಕರೆ ಅಡಿಕೆ ತೋಟ. ಅಪ್ಪನಿಗೆ 74. ಅಮ್ಮ ತೀರಿಕೊಂಡು ಎಂಟು ತಿಂಗಳಾಯ್ತು. ಅಪ್ಪ ಒಬ್ಬರೇ ಇಲ್ಲ, ಅದೇ ಮನೇಲಿ ಅಣ್ಣ, ಅತ್ತಿಗೆ, ಅವರ ಮಗ ಎಲ್ಲ ಇದ್ದಾರೆ. ಊಟ ತಿಂಡಿಗೆ ಏನೂ ಕೊರತೆ ಇಲ್ಲ. ಅತ್ತಿಗೆ ನಿಜಕ್ಕೂ ಚೆನ್ನಾಗಿ ನೋಡ್ಕೊಳ್ತಾರೆ.

ಆದ್ರೆ ಅಪ್ಪ ಪೂರ್ತಿ ಬೇರೆ ಮನುಷ್ಯ ಆಗಿದ್ದಾರೆ. ಮೊದಲು ಬೆಳಿಗ್ಗೆ ಪೇಟೆಗೆ ಹೋಗಿ ಪೇಪರ್ ತಗೊಂಡು, ಹೋಟ್ಲಲ್ಲಿ ಕಾಫಿ ಕುಡಿದು ಬರೋರು. ಈಗ ಜಗಲಿ ಬಿಟ್ಟು ಏಳಲ್ಲ. ಕಳೆದ ತಿಂಗಳು ಅಣ್ಣನ ಕೈಗೆ ಪಾಸ್‌ಬುಕ್ಕು, ತೋಟದ ಕಾಗದ ಎಲ್ಲ ಕೊಟ್ಟು "ಇನ್ನು ನಂದು ಮುಗೀತು, ನೀವು ನೋಡ್ಕೊಳ್ಳಿ" ಅಂದ್ರಂತೆ. ಹೋದ ವಾರ ತಮ್ಮ ಎಚ್ಎಂಟಿ ವಾಚನ್ನ ಮೊಮ್ಮಗನ ಕೈಗೆ ಕಟ್ಟಿದ್ದಾರೆ. ಅವರ ಮದುವೇಲಿ ಮಾವ ಕೊಟ್ಟ ವಾಚು ಅದು. ಸ್ನಾನದ ಮನೆಗೆ ಬಿಟ್ರೆ ಬೇರೆಲ್ಲೂ ಬಿಚ್ಚಿಟ್ಟವರಲ್ಲ.

ಅಣ್ಣ "ವಯಸ್ಸಾದೋರು ಹಾಗೇ ಅನ್ನೋದು ಕಣೋ" ಅಂತಾನೆ. ನಂಗ್ಯಾಕೋ ಆ ವಾಚ್ ವಿಷಯ ಕೇಳಿದ ಮೇಲೆ ನಿದ್ದೆ ಬರ್ತಿಲ್ಲ. ಯಾರಿಗಾದ್ರೂ ಇಂಥ ಅನುಭವ ಇದೆಯಾ?

ಕಾಫಿಪುಡಿ_ಕಿಟ್ಟಿ
ಸುಮ್ನೆ ತಲೆ ಕೆಡಿಸ್ಕೋಬೇಡಿ ಗುರೂ. ನಮ್ಮಜ್ಜ 68ನೇ ವಯಸ್ಸಿಂದ "ದೇವರು ಬೇಗ ಕರ್ಕೊಳ್ಳಲಿ" ಅಂತಿದ್ರು, ಹೋಗಿದ್ದು 91ಕ್ಕೆ. ಹೆಂಡತಿ ಹೋದ ದುಃಖ, ಕಾಲವೇ ಮದ್ದು. ಒಂದಷ್ಟು ಭಜನೆ, ಪ್ರವಚನದ ಕಡೆ ಕರ್ಕೊಂಡು ಹೋಗಿ.

ಒಪಿಡಿ_ಅಕ್ಕ
ಕಿಟ್ಟಿಯವರೇ, ನಿಮ್ಮಜ್ಜನ ಮಾತು ಬೇರೆ, ಇದು ಬೇರೆ. ನಾನು ಒಂದು ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ಹನ್ನೊಂದು ವರ್ಷದಿಂದ ದಿನಾ ಇಂಥದ್ದೇ ಕೇಳ್ತಿದ್ದೀನಿ. ಹಾಗಾಗಿ ಕೊಪ್ಪದವರಿಗೆ ಮೊದಲು ಹೇಳಬೇಕಾದ್ದು: ನಿಮ್ಮ ನಿದ್ದೆ ಕೆಟ್ಟಿದ್ದು ಸರಿಯಾಗೇ ಇದೆ. ಈ ವಾರಾಂತ್ಯ ಊರಿಗೆ ಹೋಗಿ. ಅಲ್ಲೀವರೆಗೆ ಅವರನ್ನ ಒಬ್ಬರೇ ಬಿಡೋದು ಬೇಡ ಅಂತ ಇವತ್ತೇ ಅಣ್ಣಂಗೆ ಹೇಳಿ.

ಯಾಕೆ ಅಂದ್ರೆ, "ದೇವರು ಕರ್ಕೊಳ್ಳಲಿ" ಅನ್ನೋದು ಮಾತು. ಪಾಸ್‌ಬುಕ್ ಕೊಡೋದು, ವಾಚ್ ಬಿಚ್ಚಿ ಕೊಡೋದು ಕೆಲಸ. ಮಾತು ಕೆಲಸಕ್ಕೆ ಇಳಿದಾಗ ನಾವು ಕಿವಿ ನೆಟ್ಟಗೆ ಮಾಡ್ತೀವಿ. ಎಲ್ಲ ಸಲವೂ ಅಪಾಯ ಅಂತಲ್ಲ, ಆಸ್ತಿ ವ್ಯವಸ್ಥೆ ಮಾಡೋದು ವಿವೇಕವೂ ಹೌದು. ಆದ್ರೆ ಜೊತೆಗೆ ಪೇಟೆಗೆ ಹೋಗೋದು ನಿಂತಿದೆ, ಹೆಂಡತಿ ಹೋಗಿ ವರ್ಷ ತುಂಬಿಲ್ಲ, ಗಂಡಸು. ಡೆನ್ಮಾರ್ಕಲ್ಲಿ ಇಡೀ ದೇಶದ ದಾಖಲೆ ಇಟ್ಕೊಂಡು ನೋಡಿದಾಗ, ತುಂಬಾ ವಯಸ್ಸಾದ ಗಂಡಸರಲ್ಲಿ ಹೆಂಡತಿ ಸತ್ತ ಮೊದಲ ವರ್ಷವೇ ಆತ್ಮಹತ್ಯೆಯ ಅಪಾಯ ಎಲ್ಲಕ್ಕಿಂತ ಹೆಚ್ಚು ಅಂತ ಕಂಡಿದೆ.

ಇನ್ನೊಂದು. "ಅಪ್ಪ ಒಬ್ಬರೇ ಇಲ್ಲ" ಅಂತ ಬರೆದಿದ್ದೀರಿ. ಒಬ್ಬರೇ ಇರೋದು ಬೇರೆ, ಒಂಟಿತನ ಬೇರೆ. ಮೊದಲನೆಯದನ್ನ ಲೆಕ್ಕ ಹಾಕಬಹುದು: ಮನೇಲಿ ಎಷ್ಟು ಜನ, ವಾರಕ್ಕೆ ಎಷ್ಟು ಸಲ ಯಾರ ಜೊತೆ ಮಾತು. ಎರಡನೆಯದು ಒಳಗಿನದು, ಅವರನ್ನೇ ಕೇಳಿ ತಿಳ್ಕೋಬೇಕು. ನಮ್ಮ ದೇಶದ ಹಿರಿಯರ ದೊಡ್ಡ ಸಮೀಕ್ಷೆ 2017-18ರಲ್ಲಿ ಆಯ್ತು, 45 ದಾಟಿದ ಸುಮಾರು 72,000 ಜನರನ್ನ ಮಾತಾಡಿಸಿದ್ರು. ಅದರ ಪ್ರಕಾರ 60 ದಾಟಿದವರಲ್ಲಿ ಒಬ್ಬರೇ ವಾಸ ಮಾಡೋರು ನೂರಕ್ಕೆ 6ರಷ್ಟು ಮಾತ್ರ. ನಮ್ಮ ಒಪಿಡಿಗೆ ಬರೋ ಹಿರಿಯರೂ ಹೆಚ್ಚಿನವರು ತುಂಬಿದ ಮನೆಯಿಂದಲೇ ಬರೋದು.

ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರಲ್ಲಿ ಒಂದು ಸಿದ್ಧಾಂತ ಮುಂದಿಟ್ರು. ಸಾಯಬೇಕು ಅನ್ನೋ ಆಸೆ ಬಲಿಯೋದು ಎರಡು ಭಾವನೆ ಒಟ್ಟಿಗೆ ಸೇರಿದಾಗ, ಅಂತ. ಒಂದು, ನಾನು ಯಾರ ಜೊತೆಗೂ ಸೇರಿದವನಲ್ಲ. ಇನ್ನೊಂದು, ನಾನು ಇರೋದು ಇವರಿಗೆ ಭಾರ. ಅವರು ಅದನ್ನ ಇಂಗ್ಲಿಷಲ್ಲಿ ಪಾರಿಭಾಷಿಕ ಪದ ಮಾಡಿ ಬರೆದಿದ್ದಾರೆ. ನಮ್ಮಲ್ಲಿ ಅದು ದಿನಬಳಕೆಯ ಮಾತು: "ನಿಮಗ್ಯಾಕಪ್ಪಾ ನಾನು ಭಾರ." ಕೇಳಿ ಕೇಳಿ ನಮಗೆ ಅದು ಕೇಳಿಸೋದೇ ನಿಂತುಹೋಗಿದೆ.

ಮಾಳಮಡ್ಡಿ_ಮಂದಿ
ತುಂಬಿದ ಮನೀ ಮಾತು ಖರೇ ಐತ್ರಿ ಅಕ್ಕಾರ. ನಮ್ಮ ಮನ್ಯಾಗ ಹನ್ನೊಂದು ಮಂದಿ. ಆಯಿ ನಡುಮನ್ಯಾಗ ಕುಂತಿರತಿದ್ಳು, ಸುತ್ತಲೂ ಎಲ್ಲಾರೂ ಮಾತಾಡವರ. ನಾವು ನಕ್ಕರ ಆಕೀನೂ ನಗತಿದ್ಳು. ಒಂದಿನ ನಾನು "ಆಯಿ, ಏನಂದ್ರು ಅಂತ ನಕ್ಕಿ?" ಅಂತ ಕೇಳಿದೆ. "ಏನೋಪಾ, ನೀವು ನಕ್ಕಿರಿ ಅಂತ ನಕ್ಕೆ" ಅಂದ್ಳು. ನನಗ ಎದಿ ಧಸಕ್ ಅಂತು. ಎರಡು ವರ್ಷದಿಂದ ಆಕೀಗೆ ಕಿವಿ ಕೇಳಂಗಿಲ್ಲ, ಮನ್ಯಾಗ ಯಾರಿಗೂ ಗೊತ್ತಿಲ್ಲ. "ಆಯಿಗೆ ಮರವು" ಅಂತ ನಾವು ತಿಳ್ಕೊಂಡಿದ್ವಿ.

ಕಿವಿ ಮಷೀನ್ ಹಾಕಿಸಿದ್ವಿ. ಮೊದಲ ವಾರ ಕಿತ್ತಿ ಒಗದ್ಳು, ಫ್ಯಾನಿನ ಸಪ್ಪಳಾನ ದೊಡ್ಡದಾಗಿ ಕೇಳ್ತದ ಅಂತ. ಎರಡು ಸಲ ತಿರುಗಿ ಹೋಗಿ ಹೊಂದಿಸ್ಕೊಂಡು ಬಂದ್ವಿ. ಈಗ ಸೊಸಿ ಮ್ಯಾಲೆ ಜಗಳಾ ಸುರು ಮಾಡ್ಯಾಳ. ಜಗಳಾ ಕೇಳಿ ನಮ್ಮಪ್ಪ ಖುಷಿಯಾದದ್ದು ಅದೊಂದ ಸಲ!

ಒಪಿಡಿ_ಅಕ್ಕ
ಇದನ್ನ ಎಲ್ಲರೂ ಎರಡು ಸಲ ಓದಿ. ಕಿವಿ ಮಂದ ಆಗೋದು, ಕಣ್ಣಿನ ಪೊರೆ, ಮೂತ್ರ ತಡೆಯೋಕಾಗ್ದೆ ಇರೋದು. ಜನ ಸೇರೋ ಕಡೆ ಹೋಗೋದನ್ನ ಹಿರಿಯರು ಬಿಡೋದು ಇಂಥ ಹೇಳ್ಕೊಳ್ಳೋಕಾಗದ ಕಾರಣಕ್ಕೆ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗ ಮರೆವಿನ ಕಾಯಿಲೆಗೆ ತಡೆಯಬಹುದಾದ 14 ಕಾರಣ ಗುರುತಿಸಿದೆ. ಅದರಲ್ಲಿ ಕಿವುಡೂ ಇದೆ, ಜನಸಂಪರ್ಕ ಇಲ್ಲದಿರೋದೂ ಇದೆ.

ಎಡಿಸನ್_ಕನ್ನಡಿಗ
ನ್ಯೂಜೆರ್ಸಿಯಿಂದ. ಇಲ್ಲಿ 2023ರಲ್ಲಿ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ಸಲಹೆ ಕೊಡೋ ಸರ್ಕಾರಿ ವೈದ್ಯ) ಆಗಿದ್ದ ವಿವೇಕ್ ಮೂರ್ತಿ ಒಂಟಿತನದ ಬಗ್ಗೇನೇ ಒಂದು ಸಲಹಾ ವರದಿ ಹೊರಡಿಸಿದ್ರು. ಒಂಟಿತನ ದಿನಕ್ಕೆ 15 ಸಿಗರೇಟು ಸೇದಿದಷ್ಟು ಕೆಟ್ಟದ್ದಂತೆ. ನಾನು ಅಪ್ಪ ಅಮ್ಮನಿಗೆ ದಿನಾ ವಿಡಿಯೋ ಕಾಲ್ ಮಾಡ್ತೀನಿ, ಆದ್ರೂ ಇದನ್ನ ಓದಿದಾಗಿಂದ ಪಾಪಪ್ರಜ್ಞೆ ಹೋಗ್ತಿಲ್ಲ.

ಮದ್ದೂರ್_ವಡೆ
ಮೂರ್ತಿಯವರ ಮೂಲ ನಮ್ಮ ಮಂಡ್ಯದ ಹಲ್ಲೇಗೆರೆ ಕಣ್ರೀ. ಸುಮ್ನೆ ಹೇಳ್ದೆ 😊

ಅಂಕಿಸಂಖ್ಯೆ_ಅಣ್ಣ
ಆ 15 ಸಿಗರೇಟಿನ ಮಾತು ವಾಟ್ಸಾಪಲ್ಲಿ ಓಡಾಡಿ ಓಡಾಡಿ ಸವೆದುಹೋಗಿದೆ. ಮೂಲ ಏನು ಅಂದ್ರೆ 2010ರಲ್ಲಿ ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನ, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನ ಒಟ್ಟು ಹಾಕಿ ನೋಡಿದ್ದು. ಸಂಬಂಧಗಳು ಗಟ್ಟಿ ಇರೋರು ಅಧ್ಯಯನದ ಅವಧಿಯಲ್ಲಿ ಬದುಕುಳಿಯೋ ಸಾಧ್ಯತೆ ನೂರಕ್ಕೆ 50ರಷ್ಟು ಹೆಚ್ಚು. ಅದು ಹೃದಯ, ಕ್ಯಾನ್ಸರ್ ಎಲ್ಲ ಸೇರಿದ ಸಾವಿನ ಲೆಕ್ಕ. ಆತ್ಮಹತ್ಯೆಯ ಲೆಕ್ಕ ಅಲ್ಲ. ಎರಡನ್ನೂ ಕಲಸಿ ಕೊಡಬಾರದು.

ವಿಶ್ವ ಆರೋಗ್ಯ ಸಂಸ್ಥೆಯ ಆಯೋಗದ 2025ರ ವರದಿ ನೋಡಿದ್ರೆ ಇನ್ನೊಂದು ಆಶ್ಚರ್ಯ. ಜಗತ್ತಲ್ಲಿ ಆರರಲ್ಲಿ ಒಬ್ಬರಿಗೆ ಒಂಟಿತನ. ಆದ್ರೆ ಅದು ಅತಿ ಹೆಚ್ಚು ಇರೋದು ಹದಿಹರೆಯದವರಲ್ಲಿ, ಮುದುಕರಲ್ಲಿ ಅಲ್ಲ. ಹಿರಿಯರಲ್ಲಿ ಹೆಚ್ಚು ಕಾಣೋದು ಸಂಪರ್ಕವೇ ಇಲ್ಲದಿರೋದು: ಹೆಚ್ಚೆಂದ್ರೆ ಮೂವರಲ್ಲಿ ಒಬ್ಬರಿಗೆ.

ನಮ್ಮ ದೇಶದ ಅಂಕಿಗಳಂತೂ ಕೇಳಲೇಬೇಡಿ. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ಆತ್ಮಹತ್ಯೆ ವರದೀಲಿ 60 ದಾಟಿದವರೆಲ್ಲ ಒಂದೇ ಸಾಲು. 61ರ ನಿವೃತ್ತ ಗುಮಾಸ್ತನೂ 88ರ ಅಜ್ಜಿಯೂ ಒಂದೇ ಗೂಡಲ್ಲಿ. ಕಾರಣದ ಕಡೆ ಬಂದ್ರೆ 2022ರಲ್ಲಿ ಎಲ್ಲ ವಯಸ್ಸಿನವರೂ ಸೇರಿ "ಕೌಟುಂಬಿಕ ಸಮಸ್ಯೆ" ನೂರಕ್ಕೆ 31.7, "ಅನಾರೋಗ್ಯ" 18.4. ಪೊಲೀಸರು ಮಹಜರು ಬರೆಯುವಾಗ "ಹೊಟ್ಟೆನೋವು ತಾಳಲಾರದೆ" ಅಂತ ಬರೆದ್ರೆ ಅದು ಅನಾರೋಗ್ಯದ ಲೆಕ್ಕಕ್ಕೆ ಹೋಗುತ್ತೆ. ಆ ಹೊಟ್ಟೆನೋವಿನ ಹಿಂದೆ ಏನಿತ್ತು ಅಂತ ಕೇಳೋರ್ಯಾರು?

ನಿರ್ವಾಹಕರು
ಚರ್ಚೆ ಚೆನ್ನಾಗಿದೆ, ಮುಂದುವರಿಸಿ. ಒಂದು ಪ್ರತಿಕ್ರಿಯೆಯಲ್ಲಿ ಪರಿಚಿತರೊಬ್ಬರು ಹೇಗೆ ಜೀವ ಕಳೆದುಕೊಂಡರು ಅನ್ನೋ ವಿವರ ಇತ್ತು, ತೆಗೆದಿದ್ದೇವೆ. ಬರೆದವರ ಮೇಲೆ ಕೋಪವಿಲ್ಲ, ಆದರೆ ಆ ವಿವರ ಇಲ್ಲಿ ಬೇಡ. ಓದುತ್ತಿರುವ ಯಾರಿಗಾದರೂ ಅಂಥ ಯೋಚನೆ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಬೇರೆ ತೊಂದರೆಗಳಿಗೆ ಎಲ್ಡರ್‌ಲೈನ್ 14567. ತಕ್ಷಣದ ಅಪಾಯವಾದರೆ 112.

ನಿವೃತ್ತ_ಮೇಷ್ಟ್ರು
ಮುದುಕರ ಬಗ್ಗೆ ಇಷ್ಟು ಮಾತಾಡುತ್ತಿದ್ದೀರಿ. ಒಬ್ಬ ಮುದುಕನ ಮಾತನ್ನೂ ಕೇಳಿ. ನನಗೆ 76. ಹೈಸ್ಕೂಲಿನಲ್ಲಿ ಗಣಿತ ಹೇಳಿದವನು. ಹೆಂಡತಿ ಹೋಗಿ ನಾಲ್ಕು ವರ್ಷ. ಮಗಳ ಮನೆಯಲ್ಲಿದ್ದೇನೆ.

ಮಗಳು ದಿನಾ ಕೇಳುತ್ತಾಳೆ, "ಅಪ್ಪಾ ಊಟ ಆಯ್ತಾ, ಮಾತ್ರೆ ತಗೊಂಡ್ಯಾ." ಆಯ್ತಮ್ಮ, ತಗೊಂಡೆ. ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಅವಳದೇನೂ ತಪ್ಪಿಲ್ಲ. ಆದರೆ ನನ್ನ ಹೆಂಡತಿ ನನ್ನನ್ನು ಯಾವತ್ತೂ ಊಟ ಆಯ್ತಾ ಎಂದು ಕೇಳಿದವಳಲ್ಲ. ಹಾಲಿನವನಿಗೆ ಎಷ್ಟು ಕೊಟ್ಟಿರಿ, ಲೆಕ್ಕ ಎಲ್ಲಿ, ಆ ಬಲ್ಬು ಯಾವಾಗ ಹಾಕುತ್ತೀರಿ ಎಂದು ಬೈಯುತ್ತಿದ್ದಳು. ಬೈಸಿಕೊಳ್ಳುವವನು ಮನೆಗೆ ಬೇಕಾದವನು. ಇಲ್ಲಿ ನನ್ನನ್ನು ಯಾರೂ ಬೈಯುವುದಿಲ್ಲ. ಬಲ್ಬು ಹೋದರೆ ಆ್ಯಪಿನಲ್ಲಿ ಎಲೆಕ್ಟ್ರಿಷಿಯನ್ ಬರುತ್ತಾನೆ. ನಾನು ಸ್ಟೂಲಿಗೆ ಕೈ ಹಾಕಿದರೆ ನಾಲ್ಕು ಜನ ಓಡಿ ಬರುತ್ತಾರೆ: "ಅಪ್ಪಾ, ನೀವು ಆರಾಮಾಗಿ ಕೂತ್ಕೊಳ್ಳಿ."

ಆರಾಮಾಗಿ ಕೂತುಕೊಳ್ಳಿ. ಈ ಮಾತನ್ನು ನಾನು ಒಮ್ಮೆ ಎಣಿಸಿದೆ. ಗಣಿತದ ಮೇಷ್ಟ್ರು ನೋಡಿ. ಒಂದು ಭಾನುವಾರ ಒಂಬತ್ತು ಸಲ.

ಎರಡನೇ ವರ್ಷ ನನಗೆ ಕೆಟ್ಟ ದಿನಗಳು ಬಂದವು. ಬೆಳಗಿನ ಜಾವ ಮೂರಕ್ಕೆ ಎಚ್ಚರ. ಇಷ್ಟೆಲ್ಲ ಯಾಕೆ ಎನ್ನುವ ಯೋಚನೆ. ಮಗಳಿಗೆ ಹೇಳಲಿಲ್ಲ, ಅವಳಿಗೆ ಇನ್ನೊಂದು ಚಿಂತೆ ಯಾಕೆ ಎಂದು. ಬಿಪಿ ತೋರಿಸಲು ಹೋದಾಗ ಒಬ್ಬ ಚಿಕ್ಕ ವಯಸ್ಸಿನ ವೈದ್ಯೆ ಬಾಗಿಲು ಹಾಕಿ ನೇರವಾಗಿ ಕೇಳಿದಳು, "ಸಾರ್, ಜೀವ ಕಳ್ಕೋಬೇಕು ಅನ್ನೋ ಯೋಚನೆ ಬಂದಿದೆಯಾ?" ನಾನು ಅತ್ತುಬಿಟ್ಟೆ. ಮೂವತ್ತೈದು ವರ್ಷ ಮಕ್ಕಳನ್ನು ಅಳಿಸಿದವನು.

ಒಪಿಡಿ_ಅಕ್ಕ
ಮೇಷ್ಟ್ರೇ, ಇದನ್ನ ಬರೆದಿದ್ದಕ್ಕೆ ದೊಡ್ಡ ನಮಸ್ಕಾರ. ನಾನೂ ನಿಮ್ಮನ್ನ ನೇರವಾಗೇ ಕೇಳ್ತೀನಿ: ಈಗ ಆ ಯೋಚನೆ ಇದೆಯಾ?

ನಿವೃತ್ತ_ಮೇಷ್ಟ್ರು
ಇಲ್ಲ ತಾಯಿ. ಒಂಬತ್ತು ತಿಂಗಳು ಮಾತ್ರೆ ತೆಗೆದುಕೊಂಡೆ, ವೈದ್ಯರೇ ನಿಧಾನಕ್ಕೆ ನಿಲ್ಲಿಸಿದರು. ಮಗಳಿಗೂ ಎಲ್ಲ ಹೇಳಿದ್ದೇನೆ. ಮತ್ತೆ ಮೂರು ಗಂಟೆಗೆ ಎಚ್ಚರವಾಗಲು ಶುರುವಾದರೆ ಹೇಳಬೇಕೆಂದು ಒಪ್ಪಂದ. ಈಗ ಪಕ್ಕದ ಮನೆಯ ಎಸ್ಎಸ್ಎಲ್‌ಸಿ ಹುಡುಗಿಗೆ ತ್ರಿಕೋನಮಿತಿ ಹೇಳಿಕೊಡುತ್ತೇನೆ. ದಡ್ಡಿ. ಆದರೆ ದಿನಾ ಬರುತ್ತಾಳೆ.

ಕಾಫಿಪುಡಿ_ಕಿಟ್ಟಿ
ನನ್ನ ಮೊದಲನೇ ಮಾತು ವಾಪಸ್ ತಗೋತೀನಿ. ಆದ್ರೆ ಒಂದು ಅನುಮಾನ. ಹಾಗೆ ನೇರವಾಗಿ ಕೇಳಿದ್ರೆ ಇಲ್ಲದ ಯೋಚನೆ ನಾವೇ ತಲೆಗೆ ತುಂಬಿದಂಗೆ ಆಗಲ್ವಾ?

ಒಪಿಡಿ_ಅಕ್ಕ
ಎಲ್ಲರಿಗೂ ಇದೇ ಹೆದರಿಕೆ. ಇದನ್ನ ಸಾಕಷ್ಟು ಸಲ ಪರೀಕ್ಷೆ ಮಾಡಿ ನೋಡಿದ್ದಾರೆ, ಕೇಳೋದ್ರಿಂದ ಯೋಚನೆ ಹುಟ್ಟಲ್ಲ. ಹೆಚ್ಚಿನ ಸಲ ಮೇಷ್ಟ್ರಿಗಾದಂಗೆ ಕಟ್ಟೆ ಒಡೆಯುತ್ತೆ. ಅಮೆರಿಕದ ಅಧ್ಯಯನಗಳಲ್ಲಿ ಆತ್ಮಹತ್ಯೆ ಮಾಡ್ಕೊಂಡ ಹಿರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೊನೇ ಒಂದು ತಿಂಗಳಲ್ಲಿ ಯಾವುದೋ ಡಾಕ್ಟ್ರನ್ನ ನೋಡಿ ಬಂದಿರ್ತಾರೆ. "ನಿದ್ದೆ ಬರಲ್ಲ, ಹಸಿವಿಲ್ಲ, ಮೈಯೆಲ್ಲ ನೋವು" ಅಂತ. ಯಾರಾದ್ರೂ ಬಾಗಿಲು ಹಾಕಿ ಕೇಳಿದ್ರಾ ಅನ್ನೋದೇ ಪ್ರಶ್ನೆ.

ವಯಸ್ಸಾದವರಲ್ಲಿ ಎರಡನೇ ಅವಕಾಶ ಸಿಗೋದು ಕಡಿಮೆ. ಹರೆಯದವರಲ್ಲಿ ಎಷ್ಟೋ ಪ್ರಯತ್ನಗಳಿಗೆ ಒಂದು ಸಾವು. ಹಿರಿಯರಲ್ಲಿ ಸುಮಾರು ನಾಲ್ಕಕ್ಕೆ ಒಂದು ಅಂತ ಹೇಳ್ತಾರೆ. ದೇಹ ಸೋತಿರುತ್ತೆ, ಮೊದಲೇ ನಿರ್ಧಾರ ಮಾಡಿರ್ತಾರೆ, ಸುಳಿವು ಕೊಡೋದು ಕಡಿಮೆ. ಅದಕ್ಕೇ ವಾಚಿನಂಥ ಸುಳಿವು ಸಿಕ್ಕಿದಾಗ ನಾನು ಕೂಗಾಡೋದು.

ಮದ್ದೂರ್_ವಡೆ
ದಿನಾ ಫೋನ್ ಮಾಡಿದ್ರೆ ಸಾಕಾ ಅಕ್ಕ? ಎಡಿಸನ್‌ನವರು ಹೇಳಿದ್ದಕ್ಕೆ ಯಾರೂ ಉತ್ತರ ಕೊಡ್ಲಿಲ್ಲ.

ಒಪಿಡಿ_ಅಕ್ಕ
ಇದಕ್ಕೆ ಒಂದು ಚೆಂದದ ಅಧ್ಯಯನ ಇದೆ. ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ ಹಿರಿಯರಿಗೆ ವಾರಕ್ಕೆ ಎರಡು ಸಲ ಫೋನ್ ಮಾಡಿ ಮಾತಾಡಿಸೋ ವ್ಯವಸ್ಥೆ. ತುರ್ತಾದ್ರೆ ಒತ್ತೋಕೆ ಒಂದು ಗುಂಡಿನೂ ಕೊಟ್ಟಿದ್ರು. ಡಿಯಾಗೊ ಡಿ ಲಿಯೊ ತಂಡ 18,641 ಜನರನ್ನ 11 ವರ್ಷದ ಅವಧಿಯಲ್ಲಿ ಗಮನಿಸಿ 2002ರಲ್ಲಿ ಬರೀತು: ಅಲ್ಲಿನ ಲೆಕ್ಕದಲ್ಲಿ ನಿರೀಕ್ಷೆ ಮಾಡಿದ್ದಕ್ಕಿಂತ ಆತ್ಮಹತ್ಯೆ ಬಹಳ ಕಡಿಮೆ. ಅಂದ್ರೆ ಫೋನು ಸಣ್ಣ ವಿಷಯ ಅಲ್ಲ. ಎಡಿಸನ್‌ನವರೇ, ಪಾಪಪ್ರಜ್ಞೆ ಬಿಡಿ, ಕಾಲ್ ಬಿಡಬೇಡಿ. ಊಟ ಆಯ್ತಾ ಅನ್ನೋದರ ಬದಲು ಏನಾದ್ರೂ ಸಲಹೆ ಕೇಳಿ, ಅಷ್ಟೇ.

ಆದ್ರೆ ಒಂದು ಕೊಕ್ಕೆ ಇದೆ. ಆ ಲಾಭ ಸ್ಪಷ್ಟವಾಗಿ ಕಂಡಿದ್ದು ಹೆಂಗಸರಲ್ಲಿ. ಗಂಡಸರಲ್ಲಿ ಅಲ್ಲ.

ಮದ್ದೂರ್_ವಡೆ
ಅದನ್ನ ನಾನೇ ಹೇಳ್ತೀನಿ ಬಿಡಿ! ಶಕ್ತಿ ಯೋಜನೆ ಬಂದ್ಮೇಲೆ ನಮ್ಮತ್ತೆ ಮನೇಲಿ ನಿಂತಿದ್ದೇ ಕಮ್ಮಿ. ಆಧಾರ್ ಕಾರ್ಡು ಸೆರಗಲ್ಲಿ ಗಂಟು ಹಾಕ್ಕೊಂಡು ತಂಗಿ ಮನೆ, ನಾದಿನಿ ಮನೆ, ಮಲೆ ಮಾದಪ್ಪ ಅಂತ ಓಡಾಡ್ತಾರೆ. ಹೋದ ಕಡೆಯೆಲ್ಲ ಬಸ್ಸಲ್ಲೇ ನಾಲ್ಕು ಜನ ಸ್ನೇಹಿತ್ರು. ಮಾವ ಮಾತ್ರ ಮನೇಲಿ ಟೀವಿ ಮುಂದೆ. ಅವರಿಗೂ ಫ್ರೀ ಕೊಡಬೇಕಿತ್ತು ಅಂತಲ್ಲ. ಕೊಟ್ಟಿದ್ರೂ ಹೋಗ್ತಿರ್ಲಿಲ್ಲ, "ಯಾರ ಮನೆಗೆ ಅಂತ ಹೋಗ್ಲಿ" ಅಂತಾರೆ. ಗಂಡಸ್ರಿಗೆ ಹೋಗೋಕೆ ಒಂದು ಕೆಲಸ ಇರಬೇಕು. ಡೇರಿಗೆ ಹಾಲು ಹಾಕೋಕೆ, ಸೊಸೈಟಿಗೆ, ಕ್ಷೌರಕ್ಕೆ. ಹಸು ಮಾರಿದ ದಿನವೇ ಅವರ ಡೇರಿ ಸ್ನೇಹಿತರೂ ಹೋದ್ರು.

ಮಾಳಮಡ್ಡಿ_ಮಂದಿ
ಕಟ್ಟಿ ಮ್ಯಾಲೆ ಕುಂದರೋ ಮಂದೀನ ಕಡಿಮಿ ಆಗೇತ್ರಿ. ಗಿಡಾನೂ ಕಡದ್ರು, ಕಟ್ಟೀನೂ ಒಡದ್ರು, ರಸ್ತಾ ಅಗಲ ಮಾಡ್ತೀವಿ ಅಂತ.

ಅಂಕಿಸಂಖ್ಯೆ_ಅಣ್ಣ
ಹತ್ತಿರದ ಉದಾಹರಣೆ ಗೋವಾದ್ದು, 2019ರಲ್ಲಿ ಪ್ರಕಟ ಆಗಿದ್ದು. 60 ದಾಟಿದ, ಖಿನ್ನತೆ ಇನ್ನೂ ಪೂರ್ತಿ ಬಲಿಯದ 181 ಜನ. ಅರ್ಧ ಜನರ ಮನೆಗೆ ಮಾಮೂಲಿ ಜನ, ಡಾಕ್ಟ್ರಲ್ಲ, ಸ್ವಲ್ಪ ತರಬೇತಿ ಪಡೆದವರು ಹೋಗಿ ಮಾತಾಡಿಸಿದ್ರು. ಎದುರಿಗಿರೋ ಒಂದು ಸಮಸ್ಯೆ ಹಿಡಿದು ಹೇಗೆ ಬಿಡಿಸೋದು, ನಿದ್ದೆ ಹೇಗೆ ಸರಿಮಾಡ್ಕೊಳ್ಳೋದು, ಸರ್ಕಾರದ ಸವಲತ್ತು ಹೇಗೆ ಪಡೆಯೋದು, ಅಷ್ಟೇ ವಿಷಯ. ವರ್ಷ ಕಳೆಯೋ ಹೊತ್ತಿಗೆ ಇವರಲ್ಲಿ ನೂರಕ್ಕೆ ಸುಮಾರು 4 ಜನಕ್ಕೆ ಖಿನ್ನತೆ ಬಲೀತು, ಇನ್ನರ್ಧದಲ್ಲಿ ನೂರಕ್ಕೆ 14. ಸಣ್ಣ ಅಧ್ಯಯನ, ಅದನ್ನೂ ಹೇಳಬೇಕು.

ಎಡಿಸನ್_ಕನ್ನಡಿಗ
ಜಿಂಬಾಬ್ವೆಯಲ್ಲಿ ಇದರ ಉಲ್ಟಾ ಇದೆ. ಆಸ್ಪತ್ರೆ ಅಂಗಳದ ಬೆಂಚಲ್ಲಿ ಅಜ್ಜಿಯರನ್ನೇ ಕೂರಿಸಿ ಬೇರೆಯವರ ಕಷ್ಟ ಕೇಳಿಸ್ತಾರೆ. ಮನೋವೈದ್ಯ ಡಿಕ್ಸನ್ ಚಿಬಾಂಡ ಶುರು ಮಾಡಿದ್ದು. ಅಲ್ಲಿ ಈ ಕಾಯಿಲೆಗೆ ಖಿನ್ನತೆ ಅನ್ನಲ್ಲ, ಶೋನಾ ಭಾಷೇಲಿ ಕುಫುಂಗಿಸಿಸಾ, ಅಂದ್ರೆ ಯೋಚನೆ ವಿಪರೀತ ಆಗೋದು.

ಒಪಿಡಿ_ಅಕ್ಕ
ನಮ್ಮ ಒಪಿಡಿಯಲ್ಲೂ ಯಾರೂ "ಖಿನ್ನತೆ" ಅನ್ನಲ್ಲ. "ಯೋಚ್ನೆ ಜಾಸ್ತಿ ಆಗಿದೆ ಮೇಡಂ" ಅಂತಾರೆ. ಒಂದೇ ಮಾತು ನೋಡಿ.

ಕೊಪ್ಪದವರೇ, ಇದ್ದೀರಾ? ಏನಾಯ್ತು?

ಕೊಪ್ಪದ_ಹುಡುಗ
ಇದ್ದೀನಿ ಅಕ್ಕ. ಶುಕ್ರವಾರ ರಾತ್ರಿ ಬಸ್ಸಿಗೇ ಹೋದೆ. ಈಗಷ್ಟೇ ವಾಪಸ್ ಬಂದೆ.

ಶನಿವಾರ ಪೂರ್ತಿ ಕೇಳೋಕೆ ಧೈರ್ಯ ಬರಲಿಲ್ಲ. ಭಾನುವಾರ ಬೆಳಿಗ್ಗೆ ತೋಟಕ್ಕೆ ಹೋಗಿ ಬರೋಣ ಬನ್ನಿ ಅಂತ ಕರ್ಕೊಂಡು ಹೋದೆ. ಕಾಲುವೆ ಬದೀಲಿ ನಿಂತು ಕೇಳೇಬಿಟ್ಟೆ, "ಅಪ್ಪಾ, ಬದುಕೋದೇ ಬೇಡ ಅನ್ಸುತ್ತಾ?" ಅಂತ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಅನ್ಸುತ್ತೆ" ಅಂದ್ರು. ಅಷ್ಟೇ. ನಂಗೆ ಕಾಲು ನಡುಗ್ತಿತ್ತು, ಆದ್ರೆ ಅವರ ಮುಖ ಒಂಥರಾ ಹಗುರ ಆಯ್ತು.

ಆಮೇಲೆ ಹೇಳಿದ್ದು ನಾನು ಯೋಚನೇನೇ ಮಾಡಿರದ ವಿಷಯ. ಈ ವರ್ಷ ಅಣ್ಣ ತೋಟಾನ ಚೇಣಿಗೆ (ಫಸಲು ಗುತ್ತಿಗೆಗೆ) ಕೊಟ್ಟಿದ್ದಾನೆ. ಅಮ್ಮ ತೀರಿಕೊಂಡ ವರ್ಷ ಅಪ್ಪನಿಗೆ ಕೊಯ್ಲಿನ ರಗಳೆ ಯಾಕೆ ಅಂತ, ಪ್ರೀತಿಯಿಂದಲೇ. ಅಡಿಕೆ ಗೊನೆ ತೆಗೆದು ಅಲ್ಲಿಂದಲೇ ಗಾಡಿಗೆ ಹಾಕ್ಕೊಂಡು ಹೋಗ್ತಾರೆ. ಮನೇಲಿ ಸುಲಿಯೋದಿಲ್ಲ, ಬೇಯಿಸೋದಿಲ್ಲ. ಮೊದಲು ನಮ್ಮನೇಲಿ ರಾತ್ರಿ ಹನ್ನೊಂದರವರೆಗೆ ಅಕ್ಕಪಕ್ಕದವರೆಲ್ಲ ಕೂತು ಅಡಿಕೆ ಸುಲೀತಾ ಊರ ಕಥೆ ಎಲ್ಲ ಆಗೋದು. ಚೊಗರಿನ (ಅಡಿಕೆ ಬೇಯಿಸೋ ನೀರು) ಬಣ್ಣ ಸರಿ ಇದೆಯಾ ಅಂತ ಹಂಡೆ ಹತ್ರ ಹೋಗಿ ನೋಡಿ ಹೇಳೋದು ಅಪ್ಪನೇ. ಒಣಗಿದ ಮೇಲೆ ಹಸ, ಬೆಟ್ಟೆ, ಗೊರಬಲು ಅಂತ ಆರಿಸೋದರಲ್ಲಿ ಅವರ ಕಣ್ಣಿಗೆ ಸಾಟಿ ಇರಲಿಲ್ಲ. "ಈ ಸಲ ಅಂಗಳ ಖಾಲಿ ಕಣೋ. ಅವಳೂ ಇಲ್ಲ, ಅಡಿಕೆನೂ ಇಲ್ಲ. ನಾನಿದ್ದು ಏನು ಮಾಡಬೇಕು? ಮೂರು ಹೊತ್ತು ಬಡಿಸಿಕೊಂಡು ತಿನ್ನೋದು" ಅಂದ್ರು.

ಅಣ್ಣಂಗೆ ಹೇಳಿದೆ. ಅವನು ಕೊಟ್ಟಿಗೆ ಹಿಂದೆ ಹೋಗಿ ಅತ್ತ. ಮನೇಲಿ ಅಪಾಯ ಅನ್ಸಿದ್ದನ್ನೆಲ್ಲ ಅತ್ತಿಗೆ ಬೀಗ ಹಾಕಿ ಇಟ್ಟಿದ್ದಾರೆ. ರಾತ್ರಿ ಅಣ್ಣ ಅಪ್ಪನ ಕೋಣೇಲೇ ಮಲಗ್ತಿದ್ದಾನೆ. ವಾಚು ಇನ್ನೂ ಹುಡುಗನ ಹತ್ರಾನೇ ಇದೆ. ಅವನಿಗೆ ಕೀ ಕೊಡೋಕೆ ಬರಲ್ಲ, ಬೆಳಿಗ್ಗೆ ಎದ್ದು ಅಜ್ಜನ ಹತ್ರ ತಗೊಂಡು ಹೋಗ್ತಾನೆ.

ಡಾಕ್ಟ್ರಿಗೆ ಎಲ್ಲಿ ತೋರಿಸೋದು ಅಕ್ಕ? ಚಿಕ್ಕಮಗಳೂರಿಗೇ ಹೋಗಬೇಕಾ?

ಒಪಿಡಿ_ಅಕ್ಕ
ತುಂಬಾ ಸರಿಯಾಗಿ ಮಾಡಿದ್ದೀರಿ, ಅಣ್ಣ ಅತ್ತಿಗೆನೂ ಸಹ. ಇವತ್ತೇ 14416ಕ್ಕೆ ನೀವೇ ಒಂದು ಕರೆ ಮಾಡಿ, ಮನೆಯವರೂ ಮಾಡಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಗೆ ಫೋನ್ ಮಾಡಿ ಕೇಳ್ಕೊಳ್ಳಿ. ಈ ವಾರ ಸಿಗಲ್ಲ ಅಂದ್ರೆ ಕಾಯಬೇಡಿ, ಜಿಲ್ಲಾ ಆಸ್ಪತ್ರೆಗೇ ಹೋಗಿ. ಥೈರಾಯ್ಡ್, ಬಿ12 ಕೂಡ ನೋಡ್ಲಿ. ಮಾತ್ರೆ ಕೊಟ್ರೆ ಹಿಡಿಯೋಕೆ ಎರಡರಿಂದ ನಾಲ್ಕು ವಾರ ಬೇಕು, ಆ ವಾರಗಳಲ್ಲಿ ಅಣ್ಣ ಅದೇ ಕೋಣೇಲಿ ಮಲಗಲಿ.

ಕೊಪ್ಪದ_ಹುಡುಗ
ಸರಿ ಅಕ್ಕ. ಚೇಣಿಯವನ ಹತ್ರ ಮಾತಾಡಿದ್ವಿ, ಕೊನೇ ಕೊಯ್ಲಿನ ಅಡಿಕೆ ನಮಗೇ ಬಿಡ್ತಾನಂತೆ. ಸ್ವಲ್ಪಾನೇ, ಎರಡು ಹಂಡೆ ಆಗಬಹುದು. ಸುಲಿಯೋದು ಮಿಷಿನ್ನಿಗೆ ಕೊಡ್ತೀವಿ. ಬೇಯಿಸೋದು, ಆರಿಸೋದು ಮನೇಲಿ.

ನಿವೃತ್ತ_ಮೇಷ್ಟ್ರು
ನಿಮ್ಮ ತಂದೆಯವರಿಗೆ ಚದುರಂಗ ಬರುತ್ತದೆಯೇ?

ಕೊಪ್ಪದ_ಹುಡುಗ
ಇಲ್ಲ ಸಾರ್. ಇಸ್ಪೀಟು ಬರುತ್ತೆ.

ನಿವೃತ್ತ_ಮೇಷ್ಟ್ರು
ಫೋನಿನಲ್ಲಿ ಇಸ್ಪೀಟು ಆಗುವುದಿಲ್ಲ. ಅಡಿಕೆಯ ಬಗ್ಗೆ ಮಾತಾಡುತ್ತಾರಾ?

ಕೊಪ್ಪದ_ಹುಡುಗ
ಶುರು ಮಾಡಿದ್ರೆ ನಿಲ್ಲಿಸೋದೇ ಕಷ್ಟ ಸಾರ್.

ನಿವೃತ್ತ_ಮೇಷ್ಟ್ರು
ನನಗೆ ಅಡಿಕೆಯ ಗಂಧಗಾಳಿ ಗೊತ್ತಿಲ್ಲ. ನಂಬರನ್ನು ಖಾಸಗಿಯಾಗಿ ಕಳಿಸಿ. ಅವರನ್ನು ಒಂದು ಮಾತು ಕೇಳಿ ಕಳಿಸಿ. ಬುಧವಾರ, ಭಾನುವಾರ, ಬೆಳಿಗ್ಗೆ ಹತ್ತಕ್ಕೆ. ಹುಡುಗಿ ಆಗ ಶಾಲೆಗೆ ಹೋಗಿರುತ್ತಾಳೆ, ಭಾನುವಾರ ಅವಳಿಗೆ ರಜ ಕೊಟ್ಟಿದ್ದೇನೆ.